180 ಬಾರದ ತ್ರಿಭುಜಗಳು ಎಲ್ಲಿ ಹೋದವು?

ಎನ್.ಸಿ.ಇ.ಆರ್.ಟಿ. 2006ರಲ್ಲಿ ಹೊರತಂದ 6ನೇ ತರಗತಿಯ ಗಣಿತ ಪುಸ್ತಕವನ್ನು ಕರ್ನಾಟಕದ ಮಕ್ಕಳು ಕನ್ನಡದಲ್ಲೂ ಓದಿದ್ದಾರೆ. ನಿಮ್ಮ ಶಾಲೆಯ ಕಪಾಟಿನಲ್ಲಿ ಅದರ ಪ್ರತಿಯಿದ್ದರೆ ಐದನೆಯ ಅಧ್ಯಾಯವನ್ನು ತೆರೆಯಿರಿ. ರೇಖಾಖಂಡಗಳನ್ನು ಅಳೆಯುವ ಭಾಗದ ಕೊನೆಯಲ್ಲಿ ಒಂದು ಸರಳ ಅಭ್ಯಾಸವಿದೆ. ಎಬಿ ಎಂಬ ರೇಖಾಖಂಡವನ್ನು ಎಳೆದು, ಅದರ ಮೇಲೆ ನಡುವೆ ಎಲ್ಲಾದರೂ ಸಿ ಬಿಂದುವನ್ನು ಗುರುತಿಸಿ, ಎಬಿ, ಬಿಸಿ, ಎಸಿಗಳನ್ನು ಅಳೆದು, ಎಸಿ ಮತ್ತು ಸಿಬಿಗಳ ಮೊತ್ತ ಎಬಿಗೆ ಸಮವೇ ಎಂದು ನೋಡಬೇಕು.

'ಸಮ' ಎಂಬುದು ನಿರೀಕ್ಷಿತ ಉತ್ತರ. ಮಕ್ಕಳೂ ಹಾಗೆಯೇ ಬರೆಯುತ್ತಾರೆ, ನಾವೂ 'ಸರಿ' ಗುರುತು ಹಾಕುತ್ತೇವೆ. ಆದರೆ ನಿಜವಾಗಿ ಅಳೆದು ನೋಡಿದರೆ ಏನಾಗುತ್ತದೆ? ಎಸಿಯ ನಿಜವಾದ ಉದ್ದ 33.4 ಮಿ.ಮೀ., ಸಿಬಿಯದು 43.4 ಮಿ.ಮೀ. ಎಂದಿಟ್ಟುಕೊಳ್ಳಿ. ಆಗ ಎಬಿ 76.8 ಮಿ.ಮೀ. ಸ್ಕೇಲಿನಲ್ಲಿರುವ ಅತಿ ಸಣ್ಣ ಮನೆ 1 ಮಿ.ಮೀ. ಆದ್ದರಿಂದ ವಿದ್ಯಾರ್ಥಿ ಹತ್ತಿರದ ಗೆರೆಯನ್ನು ನೋಡಿ ಬರೆಯುತ್ತಾನೆ: ಎಸಿ 33, ಸಿಬಿ 43, ಎಬಿ 77. ಮೂರೂ ಸರಿಯಾದ ಅಳತೆಗಳೇ. ಸ್ಕೇಲು ಸರಿಯಿದೆ, ಕಣ್ಣು ಸರಿಯಿದೆ, ಪೆನ್ಸಿಲು ಚೂಪಾಗಿದೆ. ಆದರೂ 33ಕ್ಕೆ 43 ಕೂಡಿಸಿದರೆ 76, ಎದುರಿಗಿರುವುದು 77.

ಇಂಥದ್ದು ಎಷ್ಟು ಸಲ ಆಗಬಹುದು? ಎಲ್ಲೋ ಅಪರೂಪಕ್ಕೆ ಎಂದು ನಿಮಗೆ ಅನಿಸಿದರೆ ಈ ಚಿಕ್ಕ ಲೆಕ್ಕ ನೋಡಿ. ಹತ್ತಿರದ ಗೆರೆಗೆ ಹೊಂದಿಸಿ ಬರೆಯುವಾಗ ಪ್ರತಿ ಅಳತೆಯಲ್ಲೂ ಅರ್ಧ ಮಿ.ಮೀ. ಒಳಗಿನ ಹೆಚ್ಚು ಅಥವಾ ಕಡಿಮೆ ಉಳಿಯುತ್ತದೆ. ಎಸಿಯಲ್ಲಿ ಉಳಿದದ್ದನ್ನು ಅಡ್ಡಕ್ಕೂ ಸಿಬಿಯಲ್ಲಿ ಉಳಿದದ್ದನ್ನು ಲಂಬಕ್ಕೂ ಗುರುತಿಸಿದರೆ, 1 ಮಿ.ಮೀ. ಬಾಹುವಿನ ಒಂದು ಚೌಕ ಸಿಗುತ್ತದೆ. ಅದರ ಮಧ್ಯಬಿಂದುವೇ ಸೊನ್ನೆ. ಎರಡೂ ಉಳಿಕೆಗಳ ಮೊತ್ತ ಅರ್ಧ ಮಿ.ಮೀ. ಮೀರಿದಾಗ ಮಾತ್ರ ಕೂಡಿಕೆ ತಪ್ಪುತ್ತದೆ. ಚೌಕದಲ್ಲಿ ಈ ಭಾಗ ಎದುರುಬದುರಾದ ಎರಡು ಮೂಲೆಗಳಲ್ಲಿ ತುಂಡು ತ್ರಿಭುಜಗಳಾಗಿ ಬರುತ್ತದೆ. ಪ್ರತಿಯೊಂದರ ವಿಸ್ತೀರ್ಣ ಚೌಕದ ಎಂಟನೆಯ ಒಂದು ಭಾಗ. ಎರಡೂ ಸೇರಿ ನಾಲ್ಕನೆಯ ಒಂದು ಭಾಗ. ಅಂದರೆ ಯಾವ ತಪ್ಪನ್ನೂ ಮಾಡದೆ, ಪೂರ್ಣ ಎಚ್ಚರದಿಂದ ಅಳೆದರೂ ನಾಲ್ಕರಲ್ಲಿ ಒಂದು ಸಲ ಎಸಿ ಮತ್ತು ಸಿಬಿಗಳ ಮೊತ್ತ ಎಬಿಗೆ ಸಮ ಬರುವುದಿಲ್ಲ. ಒಂದು ಮಿ.ಮೀ. ಹೆಚ್ಚೋ ಕಡಿಮೆಯೋ ಬರುತ್ತದೆ.

ಹಾಗಾದರೆ 40 ಮಕ್ಕಳ ತರಗತಿಯಲ್ಲಿ ಸುಮಾರು 10 ಪುಸ್ತಕಗಳಲ್ಲಿ 'ಸಮವಲ್ಲ' ಎಂಬ ಉತ್ತರ ಇರಬೇಕಿತ್ತು. ನಿಮ್ಮ ತರಗತಿಯಲ್ಲಿ ಎಷ್ಟು ಪುಸ್ತಕಗಳಲ್ಲಿ ಹಾಗಿದೆ?

ಉಳಿದದ್ದು ನಿಮಗೆ ಗೊತ್ತೇ ಇದೆ. ಮಗು ರಬ್ಬರು ತೆಗೆದುಕೊಳ್ಳುತ್ತದೆ. 77ನ್ನು ಅಳಿಸಿ 76 ಮಾಡುತ್ತದೆ, ಇಲ್ಲವೆ 43ನ್ನು 44 ಮಾಡುತ್ತದೆ. ಇಲ್ಲಿ ಅಳಿಸಿಹೋದದ್ದು ತಪ್ಪಾದ ಅಳತೆಯಲ್ಲ, ಸರಿಯಾದ ಅಳತೆ. ಕಂಡದ್ದನ್ನು ಬರೆಯುವುದಕ್ಕಿಂತ ಬರಬೇಕಾದದ್ದನ್ನು ಬರೆಯುವುದು ಲೇಸು ಎಂಬ ಪಾಠವನ್ನು ಮಗು ಹನ್ನೊಂದನೆಯ ವಯಸ್ಸಿನಲ್ಲೇ ಕಲಿಯುತ್ತದೆ. ಮುಂದೆ ಪಿ.ಯು. ಪ್ರಯೋಗಶಾಲೆಯಲ್ಲಿ ಲೋಲಕದ ಪ್ರಯೋಗ ಮಾಡುವಾಗ 'ಜಿ' ಬೆಲೆ 9.8 ಬರುವಂತೆ ಅಂಕಿಗಳನ್ನು ಹಿಂದಿನಿಂದ ತುಂಬುವ ವಿದ್ಯಾರ್ಥಿಯ ಬಗ್ಗೆ ಉಪನ್ಯಾಸಕರು ಬೇಸರಪಡುತ್ತಾರಲ್ಲ, ಆ ವಿದ್ಯಾರ್ಥಿಯ ತರಬೇತಿ ಆರಂಭವಾದದ್ದು ಈ ಐದನೆಯ ಅಧ್ಯಾಯದಲ್ಲಿ ಎಂಬುದು ನನ್ನ ದೂರು.

ದೂರುವ ಮೊದಲು ಪುಸ್ತಕದ ಹೆಚ್ಚುಗಾರಿಕೆಯನ್ನೂ ಹೇಳಬೇಕು. ಪಾಠದ ಕ್ರಮ ಚೆನ್ನಾಗಿದೆ. ಎರಡು ರೇಖಾಖಂಡಗಳನ್ನು ಮೊದಲು ಕಣ್ಣಂದಾಜಿನಿಂದ ಹೋಲಿಸಿ, ಕಣ್ಣು ಮೋಸಹೋಗುವುದನ್ನು ತೋರಿಸುತ್ತದೆ. ಆಮೇಲೆ ತೆಳು ಕಾಗದದ ಮೇಲೆ ಪಡಿಮೂಡಿಸಿ ಹೋಲಿಸುವುದು, ಆಮೇಲೆ ಸ್ಕೇಲು, ಕೊನೆಗೆ ಡಿವೈಡರ್. ಸ್ಕೇಲಿನ ದಪ್ಪದಿಂದ ಗೆರೆ ಸರಿದಂತೆ ಕಾಣುವುದನ್ನೂ ಕಣ್ಣು ಗೆರೆಯ ನೇರ ಮೇಲೆ ಇರಬೇಕೆಂಬುದನ್ನೂ ಚಿತ್ರಸಮೇತ ವಿವರಿಸಿದೆ. ಕೋನಗಳ ಭಾಗದಲ್ಲಿ ಕಾಗದವನ್ನು ಎರಡು ಸಲ ಮಡಿಸಿ ಲಂಬಕೋನ ಪರೀಕ್ಷಕ ಮಾಡಿಕೊಳ್ಳುವ ಚಟುವಟಿಕೆಯಂತೂ ಸೊಗಸಾಗಿದೆ. ಬಹಳ ಶಾಲೆಗಳಲ್ಲಿ ಅದನ್ನು ಮಾಡಿಸದೆ 'ಓದಿಕೊಳ್ಳಿ' ಎಂದು ದಾಟಿಸುವುದು ಪುಸ್ತಕದ ತಪ್ಪಲ್ಲ.

ಡಿವೈಡರ್ ಏಕೆ ಸ್ಕೇಲಿಗಿಂತ ಉತ್ತಮ ಎಂಬ ಪ್ರಶ್ನೆಯೂ ಅಲ್ಲಿದೆ. 'ನಿಖರ ಅಳತೆ ಸಿಗುತ್ತದೆ' ಎಂಬ ಒಂದು ಸಾಲಿನ ಉತ್ತರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಡಿವೈಡರ್ ಪರಿಹರಿಸುವುದು ಸ್ಕೇಲಿನ ದಪ್ಪದ ತೊಂದರೆಯನ್ನು ಮಾತ್ರ. ಕೊನೆಗೆ ಅದರ ಎರಡು ಮೊನೆಗಳನ್ನು ಇಡುವುದು ಅದೇ ಸ್ಕೇಲಿನ ಮೇಲೆ, ಅದೇ ಮಿ.ಮೀ. ಮನೆಗಳ ನಡುವೆ. ತಿರುಪು ಸಡಿಲವಾದ ಡಿವೈಡರನ್ನು ಕಾಗದದಿಂದ ಸ್ಕೇಲಿಗೆ ಒಯ್ಯುವಷ್ಟರಲ್ಲಿ ಅದು ತುಸು ಬಿಚ್ಚಿಕೊಂಡಿರುತ್ತದೆ ಎಂಬುದು ಕಂಪಾಸ್ ಪೆಟ್ಟಿಗೆ ಹಿಡಿದ ಎಲ್ಲರಿಗೂ ತಿಳಿದದ್ದೇ.

ಇಷ್ಟಕ್ಕೂ ಪುಸ್ತಕ ಬಿಟ್ಟಿರುವುದೇನು? ಅಳತೆಯಲ್ಲಿ ತಪ್ಪು ಬೇರೆ, ಮಿತಿ ಬೇರೆ. ಕೋನಮಾಪಕದ ಹೊರಸುತ್ತಿನ ಬದಲು ಒಳಸುತ್ತನ್ನು ನೋಡಿ 50 ಡಿಗ್ರಿಯನ್ನು 130 ಎಂದು ಬರೆದರೆ ಅದು ತಪ್ಪು. ತಿದ್ದಬಹುದು. ಕೋನಮಾಪಕದಲ್ಲಿ ಒಂದು ಡಿಗ್ರಿಗಿಂತ ಸಣ್ಣ ಮನೆ ಇಲ್ಲದ್ದರಿಂದ 50.4 ಡಿಗ್ರಿಯನ್ನು 50 ಎಂದು ಬರೆದರೆ ಅದು ಮಿತಿ. ಅದನ್ನು ತಿದ್ದಲಾಗದು, ಎಷ್ಟಿದೆ ಎಂದು ಹೇಳಬಹುದಷ್ಟೆ. ನಮ್ಮ ಪಾಠಗಳು ತಪ್ಪಿನ ಬಗ್ಗೆ ಚೆನ್ನಾಗಿಯೇ ಎಚ್ಚರಿಸುತ್ತವೆ, ಮಿತಿಯ ಬಗ್ಗೆ ಮಾತಾಡುವುದಿಲ್ಲ. ಹೀಗಾಗಿ ಮಿತಿಯಿಂದ ಬಂದ ವ್ಯತ್ಯಾಸವನ್ನೂ ಮಗು ತನ್ನ ತಪ್ಪೆಂದೇ ತಿಳಿಯುತ್ತದೆ.

ಪುಸ್ತಕದಿಂದ ಹೊರಗೆ ಬಂದು ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಿಕ್ಷಕರಿಗೆ ಇದಕ್ಕಾಗಿ ದೂರ ಹೋಗಬೇಕಿಲ್ಲ. ಶಾಲೆಯ ಬೇಲಿಯಾಚೆ ತೆಂಗಿನ ತೋಟವಿದೆ. ಹೊಸ ತೋಟಕ್ಕೆ ಗುಣಿ ಗುರುತು ಮಾಡುವ ದಿನ ಮಕ್ಕಳನ್ನು ಕರೆದೊಯ್ದರೆ 6ನೇ ತರಗತಿಯ ಆ ಇಡೀ ಅಧ್ಯಾಯ ನೆಲದ ಮೇಲೆ ಕಾಣುತ್ತದೆ. ಒಂದು ವ್ಯತ್ಯಾಸವಿದೆ. ಅಲ್ಲಿ ರಬ್ಬರಿಲ್ಲ. ತಿಪಟೂರು ಟಾಲ್‌ನಂಥ ಎತ್ತರದ ತಳಿ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ಅಳತೆ ಕೆಟ್ಟರೆ ಅಷ್ಟೂ ವರ್ಷ ಸಾಲು ಸೊಟ್ಟಗೇ ಕಾಣುತ್ತದೆ.

ಮರದಿಂದ ಮರಕ್ಕೆ 30 ಅಡಿ ಎಂದಿಟ್ಟುಕೊಳ್ಳಿ. ಚೌಕ ಪದ್ಧತಿಯಲ್ಲಿ 11 ಮರಗಳ ಒಂದು ಸಾಲು ಎಂದರೆ 10 ಅಂತರಗಳು, 300 ಅಡಿ. ಇದನ್ನು ಎರಡು ರೀತಿಯಲ್ಲಿ ಅಳೆಯಬಹುದು. 30 ಅಡಿಯ ಹಗ್ಗವೊಂದನ್ನು ಗೂಟದಿಂದ ಗೂಟಕ್ಕೆ ಹತ್ತು ಸಲ ಹಿಡಿಯಬಹುದು. ಅಥವಾ ಉದ್ದನೆಯ ಟೇಪನ್ನು ಮೊದಲ ಗೂಟದಿಂದಲೇ ಹಿಡಿದು 30, 60, 90 ಎಂದು ಗುರುತು ಹಾಕುತ್ತಾ ಹೋಗಬಹುದು. ಉತ್ತರ ಒಂದೇ ಅಲ್ಲವೆ? ಕಾಗದದ ಮೇಲೆ ಒಂದೇ. ನಾರಿನ ಹಗ್ಗ ಎಳೆತಕ್ಕೆ ಹಿಗ್ಗುತ್ತದೆ. ಪ್ರತಿ ಸಲ ಮೂರು ಅಂಗುಲ ಹಿಗ್ಗಿತೆಂದರೆ ಹತ್ತನೆಯ ಅಂತರ ಮುಗಿಯುವಾಗ ಎರಡೂವರೆ ಅಡಿ ಹೆಚ್ಚಾಗಿರುತ್ತದೆ. ಟೇಪಿನಲ್ಲಿ ಪ್ರತಿ ಗುರುತೂ ಮೊದಲ ಗೂಟಕ್ಕೇ ಉತ್ತರ ಹೇಳಬೇಕಾದ್ದರಿಂದ ಒಂದು ಗುರುತಿನ ಲೋಪ ಮುಂದಿನದಕ್ಕೆ ಹರಿಯುವುದಿಲ್ಲ. ಮಿತಿಗಳು ಕೂಡುತ್ತಾ ಹೋಗುತ್ತವೆ ಎಂಬ ಈ ಸಂಗತಿ ರೇಖಾಖಂಡಗಳ ಪಾಠದ ಜೀವಾಳವಾಗಬೇಕಿತ್ತು. ಎಸಿ ಮತ್ತು ಸಿಬಿಗಳ ಅಭ್ಯಾಸ ಅದನ್ನೇ ಹೇಳಲು ತಕ್ಕ ಜಾಗವಾಗಿತ್ತು.

ಇನ್ನು ಕೋನ. ಮೊದಲ ಸಾಲು ಹಾಕಿಯಾಯಿತು. ಎರಡನೆಯ ದಿಕ್ಕಿನ ಸಾಲು ಅದಕ್ಕೆ ಲಂಬವಾಗಿರಬೇಕು. ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಮೂಲೆಯ ಗೂಟದ ಬುಡದಲ್ಲಿಟ್ಟು 90 ನೋಡಿ ಹಗ್ಗ ಎಳೆದರೆ ಏನಾಗಬಹುದು? ಒಂದು ಡಿಗ್ರಿ ಆಚೆ ಈಚೆ ಆಯಿತೆಂದುಕೊಳ್ಳಿ. ಕೋನಮಾಪಕದ ಅಂಚಿನಲ್ಲಿ, ಅಂದರೆ ಕೇಂದ್ರದಿಂದ 5 ಸೆಂ.ಮೀ. ದೂರದಲ್ಲಿ, ಒಂದು ಡಿಗ್ರಿಯ ಅಗಲ 0.87 ಮಿ.ಮೀ. ಮಾತ್ರ. 300 ಅಡಿ ದೂರದ ಕೊನೆಯ ಗುಣಿಯಲ್ಲಿ ಅದೇ ಒಂದು ಡಿಗ್ರಿ 5 ಅಡಿ 3 ಅಂಗುಲವಾಗಿರುತ್ತದೆ. ಪಕ್ಕದವರ ಬದುವಿನಿಂದ ಇರಬೇಕಾದ ದೂರದಲ್ಲಿ ಐದು ಅಡಿ ಹೋಯಿತು ಎಂದರೆ ಜಗಳಕ್ಕೆ ಬೇರೆ ಕಾರಣ ಬೇಡ. ಟಿಪ್ಪಣಿ ಪುಸ್ತಕದಲ್ಲಿ 'ಒಂದು ಡಿಗ್ರಿ ತಾನೆ' ಎಂದು ಬಿಡುವುದೂ ಒಂದು ಡಿಗ್ರಿಗೆ ಅಂಕ ಕಡಿಯುವುದೂ ಎರಡೂ ಅರ್ಧ ಮಾತೇ. ಒಂದು ಡಿಗ್ರಿ ಎಷ್ಟು ದೊಡ್ಡದು ಎಂಬುದು ಬಾಹು ಎಷ್ಟು ಉದ್ದ ಎಂಬುದನ್ನು ಅವಲಂಬಿಸಿದೆ. ಬಾಹುಗಳ ಉದ್ದ ಬದಲಾದರೂ ಕೋನ ಬದಲಾಗುವುದಿಲ್ಲ ಎಂದು ನಾವು ಸರಿಯಾಗಿಯೇ ಕಲಿಸುತ್ತೇವೆ. ಕೋನದಲ್ಲಿ ಆದ ಲೋಪದ ಪರಿಣಾಮ ಬಾಹುವಿನೊಂದಿಗೆ ಬೆಳೆಯುತ್ತದೆ ಎಂಬ ಇನ್ನೊಂದು ಅರ್ಧವನ್ನು ಕಲಿಸುವುದಿಲ್ಲ.

ತೋಟದಲ್ಲಿ ಲಂಬಕೋನವನ್ನು ಉದ್ದಗಳಿಂದಲೇ ಪಡೆಯಬಹುದು. ಮನೆಯ ಪಾಯ ಗುರುತು ಮಾಡುವವರಿಗೂ ಈ ಉಪಾಯ ಗೊತ್ತು. ಮೂಲೆಯಿಂದ ಒಂದು ಕಡೆ 30 ಅಡಿ, ಇನ್ನೊಂದು ಕಡೆ 40 ಅಡಿ ಅಳೆದು, ಆ ಎರಡು ತುದಿಗಳ ನಡುವೆ 50 ಅಡಿ ಬರುವಂತೆ ಹಗ್ಗ ಸರಿಸಿದರೆ ಮೂಲೆ ಲಂಬವಾಯಿತು. 3, 4, 5ರ ಈ ತ್ರಿಭುಜ ಎಲ್ಲರಿಗೂ ಪರಿಚಿತ. ಆದರೆ 3 ಅಡಿ, 4 ಅಡಿ, 5 ಅಡಿ ಎಂದು ಏಕೆ ಹಿಡಿಯಬಾರದು, ಹತ್ತರಷ್ಟು ಏಕೆ? ಲೆಕ್ಕ ಹಾಕಿ ನೋಡಿ. 50 ಅಡಿಯ ಕರ್ಣದಲ್ಲಿ ಮೂರು ಅಂಗುಲ ಹೆಚ್ಚಾದರೆ ಮೂಲೆಯ ಕೋನ ಸುಮಾರು 0.6 ಡಿಗ್ರಿ ಮಾತ್ರ ಕೆಡುತ್ತದೆ. 5 ಅಡಿಯ ಕರ್ಣದಲ್ಲಿ ಅದೇ ಮೂರು ಅಂಗುಲ ಹೆಚ್ಚಾದರೆ ಕೋನ 6 ಡಿಗ್ರಿಗೂ ಹೆಚ್ಚು ಕೆಡುತ್ತದೆ. ಅದೇ ಹಗ್ಗ, ಅದೇ ಕೈ. ತ್ರಿಭುಜ ದೊಡ್ಡದಾದಷ್ಟೂ ಕೋನ ಒಳ್ಳೆಯದು. ಎಸ್.ಎಸ್.ಎಲ್.ಸಿ.ಯಲ್ಲಿ ಪೈಥಾಗೊರಸನ ಪ್ರಮೇಯದ ವಿಲೋಮವನ್ನು ಸಾಧಿಸುವ ವಿದ್ಯಾರ್ಥಿಗೆ ಈ ಪ್ರಶ್ನೆಯನ್ನು ಕೇಳಿ ನೋಡಿ. ಪ್ರಮೇಯ ಹೇಳುವವರು ಬಹಳ ಮಂದಿ ಸಿಗುತ್ತಾರೆ.

ಚೌಕ ಸರಿಯಾಯಿತೇ ಎಂದು ಪರೀಕ್ಷಿಸುವುದಕ್ಕೂ ಕೋನಮಾಪಕ ಬೇಡ. ಎರಡು ಕರ್ಣಗಳನ್ನು ಅಳೆದರೆ ಸಾಕು. 300 ಅಡಿ ಚೌಕದ ಕರ್ಣ ಸುಮಾರು 424 ಅಡಿ. ಮೂಲೆ ಒಂದು ಡಿಗ್ರಿ ಕೆಟ್ಟಿದ್ದರೆ ಒಂದು ಕರ್ಣ 428 ಅಡಿ, ಇನ್ನೊಂದು ಸುಮಾರು 420 ಅಡಿ 6 ಅಂಗುಲ. ನಡುವಿನ ವ್ಯತ್ಯಾಸ ಏಳು ಅಡಿಗೂ ಹೆಚ್ಚು! ಕಣ್ಣಿಗೆ ಕಾಣದ ಒಂದು ಡಿಗ್ರಿಯನ್ನು ಕರ್ಣಗಳು ಹಿಡಿದುಕೊಡುತ್ತವೆ.

ತ್ರಿಕೋನ ಪದ್ಧತಿಯಲ್ಲಿ ಸಸಿ ನೆಡುವವರ ಕೆಲಸ ಇನ್ನೂ ಚೆಂದ. ಸಾಲಿನ ಎರಡು ಗೂಟಗಳಿಂದ 30 ಅಡಿಯ ಎರಡು ಹಗ್ಗಗಳನ್ನು ಎಳೆದು ಸೇರಿಸಿದ ಜಾಗವೇ ಮುಂದಿನ ಸಾಲಿನ ಗುಣಿ. ಮೂರೂ ಬಾಹುಗಳು ಸಮವಾದ್ದರಿಂದ 60 ಡಿಗ್ರಿ ತಾನಾಗಿ ಬಂತು. ಸಾಲುಗಳ ನಡುವಣ ದೂರ 30ರ ಬದಲು ಸುಮಾರು 26 ಅಡಿಗೆ ಇಳಿಯುವುದರಿಂದ ಎಕರೆಗೆ 48 ಮರ ಹಿಡಿಯುವಲ್ಲಿ 55 ಹಿಡಿಯುತ್ತವೆ. ಕೈವಾರದಿಂದ 60 ಡಿಗ್ರಿ ರಚಿಸುವ ಪಾಠ ಇದೇ ಅಲ್ಲವೆ? ಪುಸ್ತಕದಲ್ಲಿ ರೇಖಾಖಂಡಕ್ಕೆ ಒಂದು ಭಾಗ, ಕೋನಕ್ಕೆ ಇನ್ನೊಂದು ಭಾಗ. ಇವೆರಡೂ ಒಂದನ್ನೊಂದು ಪರೀಕ್ಷಿಸಬಲ್ಲವು ಎಂಬ ಸೂಚನೆ ಅಳತೆಯ ಪಾಠದಲ್ಲೇ ಇದ್ದಿದ್ದರೆ ಮಕ್ಕಳು ಕೋನಮಾಪಕ ತೋರಿಸಿದ್ದನ್ನು ವೇದವಾಕ್ಯವೆಂದು ತಿಳಿಯುತ್ತಿರಲಿಲ್ಲ.

ಪಹಣಿ, ಪೋಡಿಗಳ ಮಾತು ಈ ಭಾಗದ ಮಕ್ಕಳ ಕಿವಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಪದ್ಧತಿಯಂತೆ ಕಂದಾಯ ಭೂಮಾಪನ ಆರಂಭವಾಯಿತು. ಆ ಪದ್ಧತಿಯ ಸರಪಳಿ 33 ಅಡಿಯದು. ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಗುಂಟೆ, 1089 ಚದರ ಅಡಿ. 40 ಗುಂಟೆಗೆ ಎಕರೆ. ಜಮೀನಿನ ನಡುವೆ ಒಂದು ಆಧಾರರೇಖೆ, ಅದರಿಂದ ಬದುವಿನ ತಿರುವುಗಳಿಗೆ ಲಂಬಗಳು. ರೇಖಾಖಂಡ ಮತ್ತು ಲಂಬಕೋನ, ಇವೆರಡೇ ಸಾಧನ. ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಯಂತ್ರಗಳು ಬಂದಿದ್ದರೂ ಹಳೆಯ ಟಿಪ್ಪಣಿಗಳಲ್ಲಿನ ಅಂಕಿಗಳು ಸರಪಳಿ ಮತ್ತು ಆಣೆಗಳಲ್ಲೇ ಇವೆ. ಒಂದು ಆಣೆ ಎಂದರೆ ಇಪ್ಪತ್ತನಾಲ್ಕೂಮುಕ್ಕಾಲು ಅಂಗುಲ. ಅರ್ಧ ಆಣೆಯವರೆಗೆ ನೋಡಿ ಬರೆದ ಅಳತೆಯಲ್ಲಿ ಆಚೆಗೆ ಆರು ಅಂಗುಲ, ಈಚೆಗೆ ಆರು ಅಂಗುಲ ಅನುಮಾನ ಇದ್ದೇ ಇರುತ್ತದೆ. ಹತ್ತು ಸರಪಳಿ ಉದ್ದದ ಬದುವಿನಲ್ಲಿ ಆರು ಅಂಗುಲ ಎಂದರೆ ಗುಂಟೆಯ ಆರನೆಯ ಒಂದು ಭಾಗದಷ್ಟು ನೆಲ. ಈ ಅನುಮಾನವನ್ನು ಅರಿಯದವರು ಟಿಪ್ಪಣಿಯ ಅಂಕಿಯನ್ನು ಹಿಡಿದು ಅಂಗುಲಕ್ಕಾಗಿ ವಾದಿಸುತ್ತಾರೆ. ಆ ಅಂಕಿಯಲ್ಲಿ ಅಂಗುಲವೇ ಇಲ್ಲ.

ಮತ್ತೆ ಪುಸ್ತಕಗಳಿಗೆ ಬರೋಣ. 7ನೇ ತರಗತಿಗೆ 2007ರಲ್ಲಿ ಬಂದ ಎನ್.ಸಿ.ಇ.ಆರ್.ಟಿ. ಪುಸ್ತಕದಲ್ಲಿ ತ್ರಿಭುಜದ ಕೋನಗಳನ್ನು ಅಳೆದು ಕೋಷ್ಟಕ ತುಂಬುವ ಚಟುವಟಿಕೆಯಿದೆ. ಅಳತೆಯ ಅಲ್ಪಸ್ವಲ್ಪ ದೋಷಗಳನ್ನು ಬಿಟ್ಟರೆ ಮೊತ್ತ 180 ಅಥವಾ ಅದಕ್ಕೆ ಹತ್ತಿರ ಬರುತ್ತದೆಂದು ಅಲ್ಲಿ ಹೇಳಿದೆ. 'ಹತ್ತಿರ' ಎಂಬ ಆ ಒಂದು ಮಾತಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಎಷ್ಟು ಹತ್ತಿರ? 179 ಸರಿಯೇ, 177 ಸರಿಯೇ? ಪುಸ್ತಕ ಹೇಳುವುದಿಲ್ಲ. ಅದರ ಮುಂದಿನ ಮಾತು ಇನ್ನೂ ತೊಡಕಿನದು: ಪರಿಪೂರ್ಣ ನಿಖರತೆ ಸಾಧ್ಯವಾದಾಗ ಈ ಅಳತೆಯಿಂದಲೂ ಮೊತ್ತ 180 ಎಂದು ತೋರುತ್ತದೆ ಎಂಬ ಭಾವ ಅಲ್ಲಿದೆ. ಪರಿಪೂರ್ಣ ನಿಖರತೆ ಯಾವ ಉಪಕರಣದಿಂದಲೂ ಸಾಧ್ಯವಿಲ್ಲ. ಸಾಧ್ಯವಾದರೂ ಅಳೆದ ಮೂರು ತ್ರಿಭುಜಗಳ ಬಗ್ಗೆ ಮಾತ್ರ ತಿಳಿಯಿತು. ಎಲ್ಲ ತ್ರಿಭುಜಗಳ ಬಗ್ಗೆ ಹೇಳಲು ಸಾಧನೆಯೇ ಬೇಕು. ಅಳತೆ ಒರಟು, ಸಾಧನೆ ನಯ ಎಂಬಂತೆ ಎರಡನ್ನೂ ಒಂದೇ ದಾರಿಯ ಮೇಲಿಡುವ ಈ ವಾಕ್ಯವನ್ನು ತರಗತಿಯಲ್ಲಿ ಓದಿಸುವ ಶಿಕ್ಷಕರು ಅಲ್ಲಿ ನಿಲ್ಲಿಸಿ ತಿದ್ದುವುದು ಒಳ್ಳೆಯದು. ಅಳತೆ ನಮಗೆ ಊಹೆಯನ್ನು ಕೊಡುತ್ತದೆ. ಸಮಾಂತರ ರೇಖೆ ಎಳೆದು ಮಾಡುವ ಸಾಧನೆಗೆ ಕೋನಮಾಪಕವೇ ಬೇಡ.

ಇಲ್ಲಿಯೂ ಸಂಭವದ ಲೆಕ್ಕ ಅದೇ. ಎರಡು ಕೋನಗಳ ಉಳಿಕೆ ತಿಳಿದರೆ ಮೂರನೆಯದು ತಾನಾಗಿ ನಿರ್ಧಾರವಾಗುವುದರಿಂದ ಲೆಕ್ಕ ಹಿಂದಿನ ಚೌಕಕ್ಕೇ ಬಂದು ನಿಲ್ಲುತ್ತದೆ. ಹತ್ತಿರದ ಡಿಗ್ರಿಗೆ ಸರಿಯಾಗಿ ಅಳೆದಾಗಲೂ ನಾಲ್ಕರಲ್ಲಿ ಒಂದು ತ್ರಿಭುಜದ ಮೊತ್ತ 179 ಅಥವಾ 181 ಬರುತ್ತದೆ. (ಚತುರ್ಭುಜಕ್ಕೆ ಇದು ಮೂರರಲ್ಲಿ ಒಂದಕ್ಕೆ ಏರುತ್ತದೆ. ಚೌಕದ ಬದಲು ಘನವನ್ನು ತೆಗೆದುಕೊಂಡು ಪಿ.ಯು. ವಿದ್ಯಾರ್ಥಿಗಳು ಪ್ರಯತ್ನಿಸಬಹುದು.) 40 ಮಕ್ಕಳು ತಂತಮ್ಮ ಇಷ್ಟದ ತ್ರಿಭುಜ ಎಳೆದು, ಪ್ರಾಮಾಣಿಕವಾಗಿ ಅಳೆದು, ನಲವತ್ತರ ಮೊತ್ತವೂ ನಿಖರವಾಗಿ 180 ಬರುವ ಸಂಭವ ಸುಮಾರು ಒಂದು ಲಕ್ಷಕ್ಕೆ ಒಂದು. ಕೈ ನಡುಗುವುದು, ಗೆರೆ ದಪ್ಪವಾಗುವುದು ಇವನ್ನೆಲ್ಲ ಸೇರಿಸಿದರೆ ಇನ್ನೂ ಕಡಿಮೆ. ಎಲ್ಲ ಪುಸ್ತಕಗಳಲ್ಲೂ 180 ಇರುವ ತರಗತಿ ಚೆನ್ನಾಗಿ ಕಲಿತ ತರಗತಿಯಲ್ಲ. ಅಲ್ಲಿ ಯಾರೂ ಅಳೆದಿಲ್ಲ, ಇಲ್ಲವೆ ಅಳೆದವರು ಅಳಿಸಿದ್ದಾರೆ.

2024ರಲ್ಲಿ ಬಂದ 6ನೇ ತರಗತಿಯ 'ಗಣಿತ ಪ್ರಕಾಶ' ಈ ದೃಷ್ಟಿಯಿಂದ ಎಷ್ಟು ಮುಂದೆ ಹೋಗಿದೆ? ಕೋನವನ್ನು ತಿರುಗುವಿಕೆಯ ಅಳತೆಯಾಗಿ ಅದು ಹೆಚ್ಚು ಬಿಡಿಸಿ ಹೇಳುತ್ತದೆ. ಹಳೆಯ ಪುಸ್ತಕವೂ ಗಡಿಯಾರದ ಮುಳ್ಳು, ದಿಕ್ಕುಗಳ ಮೂಲಕ ಇದನ್ನು ಆರಂಭಿಸಿತ್ತು. (ನಮ್ಮ ಕಡೆಯ ಶಿಕ್ಷಕರಿಗೆ ಗಡಿಯಾರಕ್ಕಿಂತ ಒಳ್ಳೆಯ ಉದಾಹರಣೆಯಿದೆ. ತೆಂಗಿನ ಮರದಲ್ಲಿ ಒಂದು ಗರಿಯಿಂದ ಅದರ ಮೇಲಿನ ಗರಿಗೆ ಸುಮಾರು 140 ಡಿಗ್ರಿ ತಿರುವು. ಕೆಲವು ಮರಗಳು ಎಡಕ್ಕೆ ಸುತ್ತುತ್ತವೆ, ಕೆಲವು ಬಲಕ್ಕೆ.) ಕಾಗದ ಮಡಿಸಿ ತಾವೇ ಕೋನಮಾಪಕ ಮಾಡಿಕೊಳ್ಳುವ ಚಟುವಟಿಕೆ, 360 ಎಂಬ ಸಂಖ್ಯೆ ಏಕೆ ಎಂಬ ಚರ್ಚೆ ಎರಡೂ ಮೆಚ್ಚತಕ್ಕವು. ಕೋನಮಾಪಕವನ್ನು ತಪ್ಪಾಗಿ ಇಟ್ಟ ಚಿತ್ರಗಳನ್ನು ಕೊಟ್ಟು ತಪ್ಪನ್ನು ಹುಡುಕಿಸುವ ಭಾಗ ನಾನು ನೋಡಿದ ಶಾಲಾ ಪುಸ್ತಕಗಳಲ್ಲೇ ಉತ್ತಮವಾದದ್ದು. ಆದರೆ ಹುಡುಕಿಸುವುದು ತಪ್ಪನ್ನು. ಮಿತಿಯ ಮಾತು ಇಲ್ಲಿಯೂ ಹಿಂದೆ ಉಳಿಯಿತು. ಮೂರು ತ್ರಿಭುಜಗಳ ಕೋನಗಳನ್ನು ಅಳೆದು ಕೂಡಿಸಿ ಊಹೆ ಮಾಡಿ ಎನ್ನುವ ಅಭ್ಯಾಸ ಇದರಲ್ಲೂ ಇದೆ. ಊಹೆ ಎಂದು ಕರೆದದ್ದು ಹಳೆಯ ವಾಕ್ಯಕ್ಕಿಂತ ಬಹಳ ಮೇಲು. 179 ಬಂದ ಮಗುವಿಗೆ ಏನು ಹೇಳಬೇಕು ಎಂಬ ಹೊಣೆ ಮಾತ್ರ ಶಿಕ್ಷಕರದೇ.

ಅಳತೆಯಲ್ಲಿ ಬಂದ ವ್ಯತ್ಯಾಸವನ್ನು ಮುಚ್ಚಿಡುವುದು ನಾಚಿಕೆಯಿಂದಲೇ ಆದರೆ, ಈ ನಾಡಿನ ದೊಡ್ಡ ಅಳತೆಯೊಂದರ ಕಥೆಯನ್ನು ಮಕ್ಕಳಿಗೆ ಹೇಳಬಹುದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ರೇಖಾಖಂಡವನ್ನು ಉಕ್ಕಿನ ಸರಪಳಿಯಿಂದ ಅಳೆದ. ಅಲ್ಲಿಂದ ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳನ್ನು ಹೆಣೆಯುತ್ತಾ, ಕೋನಗಳನ್ನು ಮಾತ್ರ ಅಳೆಯುತ್ತಾ ಮೈಸೂರು ಸೀಮೆಗೆ ಬಂದ. ಅವನ ಥಿಯೊಡೊಲೈಟಿನ ವೃತ್ತದ ವ್ಯಾಸ ಮೂರು ಅಡಿ. ಅದರ ಅಂಚಿನಲ್ಲಿ ಒಂದು ಡಿಗ್ರಿಯ ಅಗಲ ಸುಮಾರು 8 ಮಿ.ಮೀ. ನಮ್ಮ ಕೋನಮಾಪಕದ 0.87ರೊಂದಿಗೆ ಹೋಲಿಸಿ, ಉಪಕರಣ ಅಷ್ಟು ದೊಡ್ಡದೇಕೆ ಎಂಬುದು ತಿಳಿಯುತ್ತದೆ. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಇನ್ನೊಂದು ರೇಖಾಖಂಡವನ್ನು ನೆಲದ ಮೇಲೆ ಸರಪಳಿಯಿಂದಲೇ ಅಳೆಸಲಾಯಿತು. ಮದರಾಸಿನಿಂದ ಬಂದ ಕೋನಗಳ ಲೆಕ್ಕ ಒಂದು ಉದ್ದ ಹೇಳಿತು, ಸರಪಳಿ ಇನ್ನೊಂದು ಹೇಳಿತು. ಎರಡರ ನಡುವೆ ನಾಲ್ಕು ಅಂಗುಲಕ್ಕೂ ಕಡಿಮೆ ವ್ಯತ್ಯಾಸ. ಸಮ ಬರಲಿಲ್ಲ! ಲ್ಯಾಂಬ್ಟನ್ ಆ ವ್ಯತ್ಯಾಸವನ್ನು ಅಳಿಸಲಿಲ್ಲ, ಪ್ರಕಟಿಸಿದ. ಅವನ ಕೆಲಸಕ್ಕೆ ಬೆಲೆ ಬಂದದ್ದೇ ಆ ಅಂಗುಲಗಳಿಂದ. ಎಷ್ಟು ನಂಬಬಹುದು ಎಂಬುದು ಅದರಿಂದ ತಿಳಿಯಿತು.

ತರಗತಿಯಲ್ಲಿ ಮಾಡಬೇಕಾದ ಬದಲಾವಣೆಗೆ ಹೊಸ ಪುಸ್ತಕವೇನೂ ಬೇಕಾಗಿಲ್ಲ. ಎಬಿ ಅಳೆಯುವ ಅಭ್ಯಾಸವನ್ನು ಹಾಗೆಯೇ ಕೊಡಿ, ಪೆನ್ನಿನಿಂದ ಬರೆಸಿ. ಅದೇ ರೇಖಾಖಂಡವನ್ನು ಪಕ್ಕದವರಿಂದಲೂ ಅಳೆಸಿ ಅದಕ್ಕೊಂದು ಕಂಬಸಾಲು ಹಾಕಿಸಿ. ಒಂದು ಸಲ ಸೊನ್ನೆಯಿಂದ ಅಳೆಯಲಿ, ಇನ್ನೊಂದು ಸಲ ಸ್ಕೇಲಿನ 3ರಿಂದ. ತುದಿ ಸವೆದ ಮರದ ಸ್ಕೇಲುಗಳ ಗುಟ್ಟು ಆಗ ಹೊರಬೀಳುತ್ತದೆ. ಮೊತ್ತ 1 ಮಿ.ಮೀ. ವ್ಯತ್ಯಾಸ ಬಂದರೆ ಅಂಕ ಕಡಿಯಬೇಡಿ, ಏಕೆ ಬಂತೆಂದು ಒಂದು ಸಾಲು ಬರೆದರೆ ಅಂಕ ಕೊಡಿ. ಕೋನ ಚಿಕ್ಕ ಬಾಹುಗಳದ್ದಾದರೆ ಬಾಹುಗಳನ್ನು ಉದ್ದಕ್ಕೆ ಎಳೆದು ಅಳೆಯುವ ಅಭ್ಯಾಸ ಮಾಡಿಸಿ.

ಒಂದು ದಿನ ಹೊರಗೆ ಹೋಗಲು ಸಾಧ್ಯವಾದರೆ ಒಂದೇ ತೆಂಗಿನ ಮರವನ್ನು ಇಡೀ ತರಗತಿಗೆ ಕೊಡಿ. ಕೋನಮಾಪಕದ ಕೇಂದ್ರಕ್ಕೆ ದಾರ ಕಟ್ಟಿ ತುದಿಗೆ ಸಣ್ಣ ಕಲ್ಲು ತೂಗುಬಿಟ್ಟರೆ ಏರುಕೋನ ಅಳೆಯುವ ಉಪಕರಣವಾಯಿತು. ಮರದ ಸುಳಿ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಸರಿದು, ಅಲ್ಲಿಂದ ಬುಡಕ್ಕಿರುವ ದೂರವನ್ನು ಅಳೆದು, ಅಳೆಯುವವರ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ ಬರುತ್ತದೆ. ನೆಲ ಸಮತಟ್ಟಾಗಿರಬೇಕು. ಕಣ್ಣಿನ ಮಟ್ಟದಿಂದ 15 ಮೀಟರ್ ಎತ್ತರದ ಮರದಲ್ಲಿ ಒಂದು ಡಿಗ್ರಿಯ ಲೋಪಕ್ಕೆ ಉತ್ತರ ಸುಮಾರು ಅರ್ಧ ಮೀಟರ್ ಬದಲಾಗುತ್ತದೆ. ಆದ್ದರಿಂದ 40 ಮಕ್ಕಳಿಂದ ಒಂದೇ ಉತ್ತರ ಬರುವುದಿಲ್ಲ. ಬಂದ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆಸಿ, ತೀರ ಕಡಿಮೆ ಮತ್ತು ತೀರ ಹೆಚ್ಚಿನದನ್ನು ಗುರುತಿಸಿ, ಸರಾಸರಿ ತೆಗೆಸಿ. ಆಮೇಲೆ ಮರ ಹತ್ತುವವರು ಯಾರಾದರೂ ಸಿಕ್ಕರೆ ಮೇಲಿನಿಂದ ದಾರ ಇಳಿಬಿಡಿಸಿ ಅದರ ಉದ್ದ ಅಳೆದು ಹೋಲಿಸಿ. ದಾರವೂ ಹಿಗ್ಗುತ್ತದಲ್ಲ ಎಂದು ಯಾರಾದರೂ ಕೇಳಿದರೆ, ಎಷ್ಟು ಹಿಗ್ಗುತ್ತದೆ ಎಂಬುದನ್ನು ಅವರಿಂದಲೇ ಅಳೆಸಿ.